ಸಾರಣೆ ಕೆರೆದ ಗೋಡೆ

ಧೊಪ್ಪೆಂದು ಸದ್ದಾದಾಗ ಚಂದ್ರವ್ವ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಳು. ಒಳಗೆ ಬಂದು ನೋಡಿದರೆ, ನಸುಕಿನಲ್ಲಿ ಬಳಿದ ಸುಣ್ಣದ ಗಿಲಾವು ಈ ಸಲವೂ ಹಪ್ಪಳದಂತೆ ಎದ್ದು ನೆಲಕ್ಕೆ ಬಿದ್ದಿತ್ತು.

ಬಾಗಿಲಲ್ಲಿ ಗಂಡನ ಅಣ್ಣ, ಭಾವ ಗುರುಪಾದಪ್ಪ ನಿಂತಿದ್ದ. ಗಂಡ ತೀರಿದ ಮೇಲೆ ಖಾನಾಪುರದ ಈ ಮನೆಯ ಪಡುವಣ ಪಾಲು ಅವಳದಾಗಿತ್ತು. ಗೋಡೆ ಉದುರುತ್ತಿದೆ, ಒಂಟಿ ಹೆಂಗಸಿನ ಕೈಯಲ್ಲಿ ಮನೆ ಉಳಿಯದು, ಅದನ್ನು ತನಗೆ ಬಿಟ್ಟುಕೊಟ್ಟು ಅವಳು ದನದ ಕೊಟ್ಟಿಗೆಯ ಪಕ್ಕದ ಖೋಲಿಗೆ ಹೋಗಲಿ ಎಂದು ಅವನು ಊರ ಹಿರಿಯ ಈರಯ್ಯನವರ ಮುಂದೆ ಪಟ್ಟು ಹಿಡಿದಿದ್ದ. ಸೋಮವಾರ ಬಂದು ಗೋಡೆ ನೋಡಿಯೇ ಮಾತಾಡುತ್ತೇನೆ ಎಂದಿದ್ದರು ಅವರು. ಅಷ್ಟರಲ್ಲಿ ಗಿಲಾವು ಮಾಡಬೇಕಿದ್ದ ಗೌಂಡಿ ಮಾಯಪ್ಪನಿಗೆ ನಂದಗಡದಲ್ಲಿ ಕೆಲಸ ಹಚ್ಚಿ ಕಳಿಸಿದವನೂ ಗುರುಪಾದಪ್ಪನೇ. ಸಿಮೆಂಟಿಗೆ ಪರ್ಮಿಟ್ಟು ಬೇಕಾದ ಕಾಲ. ಚಂದ್ರವ್ವ ಸುಣ್ಣ ಅರಳಿಸಿ, ಉಸುಕು ಸೋಸಿ, ಗಾರೆ ಬಳಿಯುವ ಥಾಪಿಯನ್ನು ತಾನೇ ಹಿಡಿದಿದ್ದಳು.

"ಗೋಡೀನ ನಿನ್ನ ಒಲ್ಲೆ ಅಂತೈತಲ್ಲ ಚಂದ್ರವ್ವಾ. ಥಾಪಿ ಹಿಡಿಯೂ ಕೈ ಬ್ಯಾರೆ, ರೊಟ್ಟಿ ಬಡಿಯೂ ಕೈ ಬ್ಯಾರೆ."

"ರೊಟ್ಟೀನೂ ಮೊದಲ ಹರದ ಹೋಗತಿದ್ದೂ, ಭಾವಾರ. ಉಣ್ಣೂದ ಬಿಟ್ಟಿದ್ರೇನು ನೀವು?"

ಅವನು ಹೋದ ಮೇಲೆ ಓಣಿಯ ಭೀಮಕ್ಕ ಮಜ್ಜಿಗೆ ತಂದಳು. "ಮಂದಿ ದೇವರ ಸಿಟ್ಟು ಅನ್ನಾಕತ್ತಾರ ನೋಡವಾ."

ಚಂದ್ರವ್ವ ಬಿದ್ದ ಗಿಲಾವಿನ ಮುಂದೆ ಕುಕ್ಕರಿಸಿದಳು. ಮೊದಲು ಗಿಲಾವು ಬಿರುಕು ಬಿಟ್ಟಾಗ, ಬಿಸಿಲಿಗೆ ಬೇಗ ಒಣಗಿತೆಂದು ತಿಳಿದು ಹಸಿ ಗೋಣಿತಟ್ಟು ತೂಗುಹಾಕಿದ್ದಳು. ಬಿರುಕು ನಿಂತಿತ್ತು. ಈಗ ಹಾಳೆಹಾಳೆಯಾಗಿ ಬೀಳುತ್ತಿದೆ. ಒಂದು ತುಂಡು ಎತ್ತಿ ಮಗುಚಿದಳು. ಬೆನ್ನು ಹಸಿರುಗಂದು. ಮೂಸಿದಳು. ಶಿವನೇ, ಸಗಣಿ!

ಸಾರಿಸದೆ ಯಾವ ಶುಭಕೆಲಸಕ್ಕೂ ಕೈ ಹಾಕದ ಮನೆ ಅದು. ಪ್ರತಿ ಸಲವೂ ಲಿಂಗಪೂಜೆ ಮುಗಿಸಿ, ಗೋಡೆಗೆ ಸಗಣಿ ಸಾರಿಸಿ, ಕೈಮುಗಿದೇ ಅವಳು ಗಿಲಾವು ಬಳಿಯುತ್ತಿದ್ದಳು. ಗೋಡೆಗೂ ಸುಣ್ಣಕ್ಕೂ ನಡುವೆ, ಒಂದಕ್ಕೊಂದು ಹಿಡಿಯದಂತೆ, ಅವಳ ಮಡಿಯೇ ಕೂತುಬಿಟ್ಟಿತ್ತು.

"ದೇವರ ಸಿಟ್ಟಲ್ಲ ಭೀಮಕ್ಕಾ, ನನ್ನ ಸಾರಣಿ," ಎಂದು ಕುಡುಗೋಲು ತಂದಳು.

ಕೆರೆಯುವ ಸದ್ದಿಗೆ ಗುರುಪಾದಪ್ಪ ಓಡಿಬಂದ. "ಏ! ನಮ್ಮವ್ವ ಹಬ್ಬಹಬ್ಬಕ್ಕ ಸಾರಿಸಿದ ಗೋಡಿ ಅದು! ಪಾಪ ಹತ್ತತೈತಿ!"

ಚಂದ್ರವ್ವನ ಕೈ ಒಂದು ಕ್ಷಣ ನಿಂತಿತು. ಅತ್ತೆಯ ಬೆರಳಿನ ಗೆರೆಗಳು ಪದರಪದರವಾಗಿ ಅಲ್ಲಿದ್ದವು. ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡಳು.

"ಹತ್ತಿದ್ರ ಹತ್ತಲ್ರಿ. ಅತ್ತಿ ಮನಿ ನಿಲ್ಲಲಿ ಅಂತ ಸಾರಿಸ್ತಿದ್ರು. ನಾನೂ ಮನಿ ನಿಲ್ಲಲಿ ಅಂತನ ಕೆರೀತೀನಿ."

ಮಣ್ಣು ಕಾಣುವ ತನಕ ಕೆರೆದಳು. ಸುಣ್ಣ ಹಿಡಿಯಲೆಂದು ಕುಡುಗೋಲಿನ ತುದಿಯಿಂದ ಕಚ್ಚು ಹಾಕಿ, ಗೋಡೆ ಕುಡಿಯುವಷ್ಟು ನೀರು ಕುಡಿಸಿದಳು. ಆಮೇಲೆ ದೋಸೆಯಷ್ಟು ತೆಳುವಾಗಿ ಬಳಿದು, ಹಸಿ ತಟ್ಟು ಹೊದಿಸಿ, ಕೂಸಿನ ಮೈ ನೋಡುವಂತೆ ಆಗಾಗ ಅಂಗೈ ಇಟ್ಟು ನೋಡಿದಳು.

ಸೋಮವಾರ ಸಂಜೆ ಈರಯ್ಯ ಬಂದು ಗೋಡೆಯನ್ನು ಬೆತ್ತದಿಂದ ಬಡಿದರು. ಪೊಳ್ಳಲ್ಲ, ತುಂಬಿದ ಕೊಡದಂಥ ಸದ್ದು.

"ಉಬ್ಬುತಗ್ಗು ಭಾಳ ಅದಾವ್ರಿ ಅಯ್ಯಾರ," ಎಂದ ಗುರುಪಾದಪ್ಪ.

"ಅದಾವು. ಬಿದ್ದಿಲ್ಲಲ್ಲ?" ಎಂದರು ಈರಯ್ಯ.

"ನೀವೂ ಬಡೀರಿ ಭಾವಾರ," ಎಂದಳು ಚಂದ್ರವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿ. "ಮನಸಿನ್ಯಾಗ ಉಳಿಸ್ಕೋಬ್ಯಾಡ್ರಿ."

ಅವನು ಮುಷ್ಟಿಯಿಂದ ಗುದ್ದಿದ. ಮತ್ತೂ ಗುದ್ದಿದ. ಸುಣ್ಣ ಹತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಹೊರಗೆ ನಡೆದ.

"ಮನಿ ನಿಂದ ತಂಗಿ. ದೀಪ ಹಚ್ಚು," ಎಂದು ಈರಯ್ಯನವರೂ ಹೊರಟರು.

ದೀಪ ಹಚ್ಚಿದಾಗ ಕಂಡಿತು: ಇನ್ನೂ ಪೂರ್ತಿ ಒಣಗದ ಗಿಲಾವಿನಲ್ಲಿ ಭಾವನ ಗೆಣ್ಣುಗಳ ಗುರುತು. ತೀಡಿ ಮುಚ್ಚಲು ಥಾಪಿ ಎತ್ತಿದಳು. ಯಾಕೋ ಮತ್ತೆ ಕೆಳಗಿಟ್ಟಳು. ಆ ತಗ್ಗುಗಳಲ್ಲಿ ದೀಪದ ಬೆಳಕು ಅಲುಗಾಡುತ್ತಿತ್ತು, ಗೋಡೆ ಅಲುಗಲಿಲ್ಲ.