ಒಂದೇ ದೂರದ ಎರಡು ಮೊನೆಗಳು

ಮತ್ತೆ ಒಂದಾದವು, ಈಗಷ್ಟೇ ರಾಡಾರಿನ ಪರದೆಯ ಮೇಲೆ ಗೆರೆ ಎದ್ದು ನಿಂತ ಎರಡು ಮೊನೆಗಳಿದ್ದವು, ಒಂದು ಇವರು, ಒಂದು ಅವಳು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದೇ ಮೊನೆ, ಮೊದಲಿಗಿಂತ ಎತ್ತರದ್ದು — ಕಾರ್ಖಾನೆಯ ಚಿಮಣಿಯ ತುದಿಯಲ್ಲಿ, ಕಬ್ಬಿಣದ ಅಟ್ಟಣೆಯ ಮೇಲೆ ನನ್ನ ಗಂಡನೂ ಆ ಗುಬ್ಬಿಯೂ, ಇಲ್ಲಿ ಕೆಳಗೆ, ರಸ್ತೆಯ ಈಚೆ, ಮುಕ್ಕಾಲಿಯ ಮೇಲಿಟ್ಟ ರಾಡಾರಿನ ಪಕ್ಕ ಮಡಿಚುವ ಕುರ್ಚಿಯಲ್ಲಿ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪು, ಹೊಟ್ಟೆಯಲ್ಲಿ ಕಿಚ್ಚು. ಒಂದೇ ಮೊನೆ ಕಂಡರೆ ಒಂದೇ ಜಾಗ ಎಂದಲ್ಲ, ಹೊಸಬರಿಗೆ ಇದನ್ನು ಹೇಳಿಕೊಡುವವಳೇ ನಾನು, ಈ ರಾಡಾರಿಗೆ ದೂರ ಮಾತ್ರ ಗೊತ್ತು, ಎಡ ಬಲ ಗೊತ್ತಿಲ್ಲ, ಒಬ್ಬರು ಅಟ್ಟಣೆಯ ಆ ತುದಿ, ಇನ್ನೊಬ್ಬರು ಈ ತುದಿ, ನನ್ನಿಂದ ಅಷ್ಟೇ ದೂರವಿದ್ದರೆ ಸಾಕು, ಇಬ್ಬರನ್ನೂ ಒಂದೇ ಗೂಡಿಗೆ ಹಾಕಿಬಿಡುತ್ತದೆ — ಗೊತ್ತಿದೆ, ಗೊತ್ತಿದ್ದೂ ಉರಿಯುತ್ತದೆ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ, ಸರಿ, ನಿಜಕ್ಕೂ ಹಳದಿಯಾಗಿರುವುದು ಯಾವ ಬಣ್ಣದಲ್ಲಿ ಕಾಣಬೇಕು. ಕಾರಿನಲ್ಲಿ ದುರ್ಬೀನಿದೆ, ತೆಗೆಯುವುದಿಲ್ಲ, ತೆಗೆದರೆ ಗಂಡನ ಬೆನ್ನಿಗೆ ಬಿದ್ದ ಹೆಂಗಸಾಗುತ್ತೇನೆ, ಪರದೆ ನೋಡುತ್ತ ಕೂತರೆ ಕೆಲಸದಲ್ಲಿರುವ ಇಂಜಿನಿಯರು.

ಕೆಲಸಕ್ಕೆ ಹೊಸದಾಗಿ ಸೇರಿದ ಆ ಹುಡುಗಿಗೆ ಗುಬ್ಬಿ ಎಂದು ಹೆಸರಿಟ್ಟವರು ಇವರೇ, ಅವಳು ಏಣಿಯಲ್ಲಿ ಪುರ್ರೆಂದು ಹತ್ತಿದ್ದನ್ನು ಕಂಡ ದಿನವೇ, ನನಗೆ ಇಷ್ಟು ವರ್ಷಗಳಲ್ಲಿ ಒಂದು ಅಡ್ಡಹೆಸರು ಹುಟ್ಟಲಿಲ್ಲ ಇವರ ಬಾಯಲ್ಲಿ, ನಾನು ಲೇ, ಇಲ್ಲವೇ ಬಾ ಇಲ್ಲಿ. ಅವಳೂ ಮೊದಲು ಇವರನ್ನು ಸರ್ ಅನ್ನುತ್ತಿದ್ದಳು, ಈಗ ಏನೂ ಅನ್ನುವುದಿಲ್ಲ, ಏನೂ ಅನ್ನದಿರುವುದೇ ದೊಡ್ಡ ಸಲುಗೆ. ಒಂದು ಕಾಲಕ್ಕೆ ಇವರ ಜತೆ ಹತ್ತುತ್ತಿದ್ದವಳು ನಾನು, ಆಗ ತುದಿಗೆ ಹೋಗಿ ಚಿಮಣಿಯ ಓಲಾಟ ಅಳೆಯುವ ಯಂತ್ರ ಬಿಗಿದು, ವೈರು ಎಳೆದುಕೊಂಡು ಇಳಿಯಬೇಕಿತ್ತು, ನನ್ನ ಮೊಣಕಾಲು ಅದುರಿದರೆ ಕೆಳಗೆ ನೋಡ್ಬೇಡ, ನನ್ನ ಮುಖ ನೋಡು ಅನ್ನುತ್ತಿದ್ದರು, ನೋಡುತ್ತಿದ್ದೆ, ಎಷ್ಟು ಚೆನ್ನಾಗಿತ್ತು ಆ ಮುಖ — ಆಮೇಲೆ ನಾನೇ ಹಟ ಹಿಡಿದು ರಾಡಾರು ತರಿಸಿದೆ, ಮುಟ್ಟದೆ, ಹತ್ತದೆ, ದೂರದಲ್ಲಿ ಕೂತೇ ಕೂದಲೆಳೆಯಷ್ಟು ಓಲಾಟವನ್ನೂ ಅಳೆಯಬಹುದು ಎಂದು ಆಫೀಸಿನಲ್ಲಿ ಭಾಷಣ ಬಿಗಿದೆ, ಆದರೆ ದುಂಡನೆಯ ನುಣುಪು ಚಿಮಣಿ ರಾಡಾರಿನ ಅಲೆಯನ್ನು ಸರಿಯಾಗಿ ಮರಳಿಸುವುದಿಲ್ಲ, ತುದಿಗೊಂದು ತಗಡು ಕಟ್ಟಿ ಬರಲು ಇಬ್ಬರು ಹತ್ತಲೇಬೇಕು, ಪರದೆ ನೋಡಲು ನಾನು ಕೆಳಗೆ ಉಳಿದೆ, ನನ್ನ ಜಾಗಕ್ಕೆ ಗುಬ್ಬಿ ಬಂತು. ನನ್ನ ಕೈಯಾರೆ ಮಾಡಿಕೊಂಡದ್ದು.

ಈಗ ನೋಡು, ಚಿಮಣಿಯದು ನಿಧಾನದ ಓಲಾಟ, ಗಾಳಿಗೆ ಹೀಗೆ, ಹಾಗೆ, ಆದರೆ ಪರದೆಯಲ್ಲಿ ಆ ಮೊನೆಯನ್ನು ಒತ್ತಿ ಅದರ ಚಲನೆಯ ಗೆರೆ ತೆರೆದರೆ ಓಲಾಟದ ಮೇಲೊಂದು ಸಣ್ಣ, ಚುರುಕು ಅದುರು, ಇದು ಚಿಮಣಿಯದಲ್ಲ, ಮನುಷ್ಯರದು, ನಗುತ್ತಿದ್ದಾರೆ, ಕಂಬಿ ಹಿಡಿದುಕೊಂಡು ಭುಜ ಕುಣಿಸಿ ನಗುತ್ತಿದ್ದಾರೆ ಇವರು, ಮನೆಯಲ್ಲಿ ಮಾತ್ರ ತಟ್ಟೆಗೆ ಮುಖ ಹಾಕಿ ಹೂಂ, ಊಹೂಂ, ಹಾಸಿಗೆಯಲ್ಲಿ ಗೋಡೆಗೆ ಮುಖ. ಅವನಿಗೇನೋ ಆಗಿದೆ ಕಣೇ, ಒಂದ್ಸಲ ಕೂರಿಸ್ಕೊಂಡು ಕೇಳು ಅಂದರು ಅತ್ತೆ, ನಾನ್ಯಾಕೆ ಕೇಳಲಿ, ಆಗಿರುವುದು ಏನೆಂದು ನನಗೆ ಗೊತ್ತಿಲ್ಲವೇ, ರೆಕ್ಕೆ ಇರುವಂಥದ್ದು ಆಗಿದೆ. ಸಾಕು — ವಾಕಿಟಾಕಿ ಎತ್ತಿದೆ, ಅಳತೆ ಶುರು ಮಾಡ್ಬೇಕು, ಇಬ್ಬರಿದ್ರೆ ಗೆರೆ ಕೆಡುತ್ತೆ, ಒಬ್ರು ಇಳೀರಿ, ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ, ಗಾಳಿಯ ಸದ್ದಿನ ನಡುವೆ ಅವಳ ದನಿ, ಅಕ್ಕಾ, ಸ್ವಲ್ಪ ತಡೀರಿ, ಇಬ್ರೂ ಒಟ್ಟಿಗೇ ಇಳೀತೀವಿ. ಒಟ್ಟಿಗೆ. ಬೇಡ, ನೀನೊಬ್ಬಳೇ ಇಳಿ ಅಂದೆ, ನನ್ನ ದನಿ ನನಗೇ ಅತ್ತೆಯದೆನಿಸಿತು.

ಬಂದಳು, ಬೆಲ್ಟಿನ ಕೊಕ್ಕೆಗಳು ಗಲಗಲ, ಬೆವರು, ಕೂರು ಅಂದರೆ ಕೂರಲಿಲ್ಲ, ಅವರನ್ನ ಒಬ್ರನ್ನೇ ಬಿಟ್ಟು ಬರಬಾರದಿತ್ತು ಅಕ್ಕಾ. ಯಾಕೆ, ಹುಲಿ ಬಂದು ಹಿಡಿಯುತ್ತಾ ಅಂದೆ. ಅವರಿಗೆ ಮೇಲೆ ಹೋದ ಕೂಡಲೇ ಕೈ ನಡುಗುತ್ತೆ, ಕಂಬಿ ಬಿಡೋಕೇ ಆಗಲ್ಲ, ಹಿಂದಿನ ಚಿಮಣಿಯಲ್ಲಿ ಶುರುವಾಗಿದ್ದು, ಕೊಕ್ಕೆ ನಾನೇ ಹಾಕ್ತೀನಿ, ಪಕ್ಕದಲ್ಲೇ ನಿಂತು ಮಾತಾಡಿಸ್ತಿರ್ತೀನಿ, ನಿಮಗೆ ಹೇಳ್ಬೇಡ ಅಂದಿದಾರೆ. ನಗುವಲ್ಲ, ಹಾಗಾದರೆ ಅದು ನಗುವಲ್ಲ, ಉರಿ ಆರಬೇಕಿತ್ತು, ಆರಲಿಲ್ಲ, ಇನ್ನೂ ಭಗ್ಗೆಂದಿತು — ಇವಳಿಗೆ ನಗು ಕೊಟ್ಟಿದ್ದರೆ ಜಗಳವಾಡಿ ಕಿತ್ತುಕೊಳ್ಳುತ್ತಿದ್ದೆ, ಹೆದರಿಕೆಯನ್ನು ಕೊಟ್ಟಿದ್ದಾರೆ, ಅದನ್ನು ತನ್ನವರೆನಿಸಿದವರಿಗಲ್ಲದೆ ಯಾರು ಯಾರಿಗೆ ಕೊಡುತ್ತಾರೆ, ನನಗೆ ಬೆನ್ನು, ಇವಳಿಗೆ ನಡುಕ.

ಪರದೆಯಲ್ಲಿ ಒಂಟಿ ಮೊನೆ, ಅದರ ಗೆರೆಯಲ್ಲಿ ಆ ಅದುರು ದಪ್ಪವಾಗುತ್ತಿದೆ, ರೀ, ಅಳತೆ ಆಯ್ತು, ಇಳೀರಿ ಅಂದೆ ವಾಕಿಟಾಕಿಯಲ್ಲಿ, ನನ್ನ ದನಿಗೇ ಇನ್ನಷ್ಟು ನಡುಗಿತು ಗೆರೆ. ನಾನೇ ಹತ್ತುತ್ತೇನೆ, ಎದ್ದೆ, ಅವಳ ಬೆಲ್ಟಿಗೆ ಕೈ ಚಾಚಿದೆ, ಅವಳು ಬಿಚ್ಚಿಯೂ ಕೊಟ್ಟಳು, ರಸ್ತೆ ದಾಟಿ ಏಣಿಯ ಮೊದಲ ಮೆಟ್ಟಿಲು ತುಳಿದರೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು — ನನ್ನ ತಲೆ ಕಂಡ ಕೂಡಲೇ ಏನೂ ಆಗಿಲ್ಲವೆಂದು ತೋರಿಸಲು ಇವರು ಕಂಬಿಯಿಂದ ಕೈ ಬಿಡುತ್ತಾರೆ, ಬಿಟ್ಟೇ ಬಿಡುತ್ತಾರೆ, ನನಗೆ ಗೊತ್ತು. ಬಿಚ್ಚಿದ್ದನ್ನು ನಾನೇ ಅವಳ ಸೊಂಟಕ್ಕೆ ಬಿಗಿದೆ, ನೀನೇ ಹೋಗಮ್ಮ, ಮಾತಾಡಿಸ್ತಾ ಕರ್ಕೊಂಡು ಬಾ, ನಾನು ಕಳಿಸ್ದೆ ಅಂತ ಹೇಳ್ಬೇಡ. ಓಡಿ ಬಂದು ಕುರ್ಚಿಯಲ್ಲಿ ಕೂತೆ, ಹತ್ತುತ್ತಿದ್ದಾಳೆ, ಪರದೆಯಲ್ಲಿ ಇನ್ನೊಂದು ಮೊನೆ ಹುಟ್ಟಿತು, ಸರಿಯುತ್ತಿದೆ, ಬೇಗ ಹೋಗು, ಇನ್ನೂ ಬೇಗ, ಹತ್ತಿರವಾಯಿತು, ಹೋಗಬೇಡ, ಇನ್ನೂ ಹತ್ತಿರ, ಒಂದಾಯಿತು, ಅದುರು ಇಳಿಯಿತು — ಒಂದಾಯಿತು, ಅದುರು ಇಳಿಯಿತು, ಒಂದೇ ಮೊನೆ, ಎತ್ತರದ್ದು, ಒಂದೇ ಮೊನೆ