ಡಾಕ್ಟರ ಬೆನ್ನ ಹಿಂದಿನ ಬೆರಳುಗಳು

ಆ ಮನೆಯ ಹೊಲಿಗೆ ಯಂತ್ರ ಮನೆಯೊಳಗಿರಲಿಲ್ಲ, ಮಹಡಿ ಮೆಟ್ಟಿಲಿನ ತಿರುವಿನಲ್ಲಿತ್ತು. ಹತ್ತಿ ಇಳಿಯುವವರು ಹೊಟ್ಟೆ ಒಳಗೆಳೆದುಕೊಂಡು ದಾಟಬೇಕು. ಯಾರಾದರೂ ಗೊಣಗಿದರೆ ಅಮ್ಮ, "ಒಳಗೆ ಬೆಳಕು ಸಾಲದು ಕಣ್ರೀ" ಎನ್ನುತ್ತಿದ್ದಳು. ಅದು ಸುಳ್ಳು. ಒಳಗೆ ದೊಡ್ಡ ಮಗಳಿದ್ದಳು. ಯಂತ್ರದ ಟಕಟಕ ಎರಡು ನಿಮಿಷ ಕಿವಿಗೆ ಬಿದ್ದರೆ ಸಾಕು, ಅವಳು ತಲೆ ಹಿಡಿದುಕೊಂಡು ಇದ್ದಲ್ಲೇ ಕುಸಿದು ಕೂರುತ್ತಿದ್ದಳು.

ಇಪ್ಪತ್ತೈದರ ಹುಡುಗಿ. ನಾಲ್ಕು ವರ್ಷದ ಹಿಂದೆ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಕ್ಯಾಪ್ಟನ್ ಆಗಿದ್ದವಳು. ಈಗ ಕಿಟಕಿಗೆ ಹಗಲೂ ಪರದೆ ಎಳೆದ ಕೋಣೆಯಲ್ಲಿ, ಅಮ್ಮ ಹೊಲಿದ ಶಾಲಾ ಅಂಗಿಗಳಿಗೆ ಗುಂಡಿ ಹಾಕುತ್ತಾಳೆ. ಒಂದೊಂದು ದಿನ ಒಂದೇ ಅಂಗಿಗೆ ಎರಡು ಸಾಲು ಗುಂಡಿ ಬಿದ್ದಿರುತ್ತದೆ. ಅಮ್ಮ ಒಂದು ಸಾಲು ಬಿಚ್ಚುತ್ತಾಳೆ.

ಆ ಬೆಳಿಗ್ಗೆ ಮನೆಯಲ್ಲಿ ಸಡಗರ. ಚಿಕ್ಕವಳು ಅದೇ ಕಾಲೇಜಿನ ತಂಡದ ಜೊತೆ ರಾಷ್ಟ್ರೀಯ ಮಹಿಳಾ ಕಾಲೇಜು ಚಾಂಪಿಯನ್‌ಷಿಪ್‌ಗೆ ಹೊರಟಿದ್ದಳು. ಎರಡನೇ ಗೋಲ್ ಕೀಪರ್. ಅಂದರೆ ಬೆಂಚಿನ ಮೇಲೆ ಕೂರುವವಳು, ಬಿದ್ದವರಿಗೆ ನೀರಿನ ಬಾಟಲಿ ಒಯ್ಯುವವಳು. ತಂಡದಲ್ಲಿ ಅವಳನ್ನು ಕರೆಯುವುದೇ 'ಬಾಟ್ಲಿ' ಎಂದು.

ಅಪ್ಪ ಸಿಟಿ ಬಸ್ಸಿನ ಡ್ರೈವರ್. ಸಮವಸ್ತ್ರ ತೊಟ್ಟು, ಚಹಾ ಕುಡಿಯುತ್ತ, "ನಿಮ್ಮಕ್ಕನ ಹೆಸರು ಉಳಿಸು ಮಗಳೇ," ಎಂದ. "ಫೈನಲ್‌ನಲ್ಲಿ ತಲೆಗೆ ಪೆಟ್ಟು ಬಿದ್ದರೂ ಹೊರಗೆ ಬರಲಿಲ್ಲ ಅವಳು. ಕಾಲೇಜಿನ ಹಲಗೆ ಮೇಲೆ ಅವಳ ಹೆಸರಿದೆ."

ಮೆಟ್ಟಿಲ ಕಡೆಯಿಂದ ಅಮ್ಮನ ದನಿ ಬಂತು. "ನಿಮ್ಮ ಬಸ್ಸಿನ ಕನ್ನಡಿ ಬಿರುಕು ಬಿಟ್ಟರೆ ಡಿಪೋದಿಂದ ಹೊರಗೇ ಬಿಡಲ್ಲ ಅಂತೀರಲ್ಲ?"

"ಅದು ನಿಯಮ ಕಣೇ. ಅರವತ್ತು ಜನರ ಜೀವದ ಪ್ರಶ್ನೆ."

"ಹೌದು ಬಿಡಿ. ಇಲ್ಲಿ ಒಂದೇ ತಾನೇ."

ಅಪ್ಪ ಲೋಟ ಕೆಳಗಿಟ್ಟ. "ಬೆಳಗಾಗೆದ್ದು ಶುರು ಮಾಡಿದಳು. ದೊಡ್ಡವಳಿಗೆ ಆಗಿರೋದು ಸೋಮಾರಿತನ. ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಎಲ್ಲಾ ಸರಿಹೋಗುತ್ತೆ." ಆದರೆ ಹೊರಗೆ ಹೋಗುವಾಗ ಬಾಗಿಲನ್ನು ಸದ್ದಾಗದಂತೆ, ಎರಡೂ ಕೈಯಲ್ಲಿ ಹಿಡಿದು ಎಳೆದುಕೊಂಡ.

ಚಿಕ್ಕವಳು ಕೋಣೆಗೆ ಹೋದಳು. ಅಕ್ಕ ಕತ್ತಲಲ್ಲೇ ಅವಳ ಕೈ ಹುಡುಕಿ ಹಿಡಿದುಕೊಂಡಳು.

"ಈ ಸಲ ಬೆರಳು ಹಿಡಿಯೋಳು ನೀನೇನಾ?"

"ಹೂಂ."

"ನಂಗೂ ಹಿಡಿದಿದ್ದರು." ಅಕ್ಕ ಗೋಡೆಯ ಮೇಲಿನ ಫೋಟೋ ಕಡೆ ನೋಡಿದಳು. ಅದರಲ್ಲಿ ಅವಳೇ ಕಪ್ ಎತ್ತಿ ಹಿಡಿದಿದ್ದಳು. "ಒಂದು ಮಾತು ಕೇಳ್ತೀನಿ, ಅಪ್ಪನಿಗೆ ಹೇಳಬೇಡ. ಆ ಮ್ಯಾಚಲ್ಲಿ ಗೋಲು ಹೊಡೆದೋರು ಯಾರೇ? ಫೋಟೋ ನೋಡಿ ಗೆದ್ವಿ ಅಂತ ಗೊತ್ತು. ಬೇರೇನೂ ಗೊತ್ತಿಲ್ಲ."

ಗೋಲು ಹೊಡೆದವಳು ಅವಳೇ. ಆ ದಿನ ಶಾಲೆಯ ಜಡೆ ಹಾಕಿಕೊಂಡು ಗ್ಯಾಲರಿಯಲ್ಲಿ ಕೂತಿದ್ದ ಚಿಕ್ಕವಳು, ಅಕ್ಕ ಬಿದ್ದು ಎದ್ದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದಳು.

ಈ ಬೆರಳು ಹಿಡಿಯುವ ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ಅದಕ್ಕೂ ಮೊದಲು ಇನ್ನೊಂದು ಮಾತು: ಆ ಹುಡುಗಿಯರು ಕೆಟ್ಟವರಲ್ಲ. ಒಬ್ಬಳ ಹರಿದ ಬೂಟಿಗೆ ಇನ್ನೊಬ್ಬಳು ತನ್ನ ಬೂಟು ಬಿಚ್ಚಿಕೊಡುವಂಥವರು. ಕೆಟ್ಟವರೇ ಆಗಿದ್ದರೆ ಈ ಕಥೆ ಬರೆಯುವುದು ಸುಲಭವಿತ್ತು.

ಆಟಗಾರ್ತಿಯ ತಲೆಗೆ ಪೆಟ್ಟಾದರೆ ಟೂರ್ನಿಯ ಡಾಕ್ಟರು ಅವಳನ್ನು ಗೆರೆಯಾಚೆ ಕೂರಿಸಿ ಐದು ಪ್ರಶ್ನೆ ಕೇಳುತ್ತಾರೆ. ಎಷ್ಟನೇ ನಂಬರಿನ ಮೈದಾನ ಇದು? ಮೊದಲ ಅರ್ಧವೋ, ಎರಡನೆಯದೋ? ಕೊನೆಯ ಗೋಲು ಹೊಡೆದವಳ ಜೆರ್ಸಿ ನಂಬರ್ ಎಷ್ಟು? ಹಿಂದಿನ ಪಂದ್ಯದಲ್ಲಿ ನಿಮ್ಮವರು ಹೊಡೆದ ಗೋಲು ಎಷ್ಟು? ಇವತ್ತು ತಾರೀಕು ಎಷ್ಟು? ಒಂದು ತಪ್ಪಿದರೂ ಆಟ ಮುಗಿಯಿತು, ಹೊರಗೆ. ಐದಕ್ಕೂ ಉತ್ತರ ಅಂಕಿಯಲ್ಲೇ. ಯಾವಾಗಲೋ, ಯಾವಳೋ ಜಾಣೆ ಇದನ್ನು ಗಮನಿಸಿದ್ದಳು. ಅಂದಿನಿಂದ ಬಾಟಲಿ ಹಿಡಿದ ಹುಡುಗಿ ಡಾಕ್ಟರ ಬೆನ್ನ ಹಿಂದೆ ನಿಲ್ಲುತ್ತಾಳೆ. ಡಾಕ್ಟರು ಕೇಳುತ್ತಾರೆ, ಅವಳು ಸೊಂಟದ ಹತ್ತಿರ ಬೆರಳು ಬಿಡಿಸುತ್ತಾಳೆ, ಬಿದ್ದವಳು ಎಣಿಸಿ ಹೇಳುತ್ತಾಳೆ. ಹಳಬರು ಹೊಸಬರಿಗೆ ಕಲಿಸುತ್ತ ಬಂದದ್ದು. ಕೋಚ್‌ಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಆ ಹೊತ್ತಿಗೆ ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. ಹೀಗೆ ಆಡಿ ಮುಗಿಸಿದವರ ಹೆಸರು ಕಾಲೇಜಿನ ಜಿಮ್ ಗೋಡೆಯ ಹಲಗೆಗೆ ಏರುತ್ತಿತ್ತು. ಹಲಗೆಯ ತಲೆಬರಹ: 'ಹೊರಗೆ ಬಾರದವರು'.

ಸೆಮಿಫೈನಲ್ ಮೂರನೇ ನಂಬರಿನ ಮೈದಾನದಲ್ಲಿ ನಡೆಯಿತು. ಎರಡನೇ ಅರ್ಧದಲ್ಲಿ ಕಾರ್ನರ್ ಚೆಂಡಿಗೆ ಹಾರಿದ ಈಗಿನ ಕ್ಯಾಪ್ಟನ್, ಎದುರಾಳಿಯ ಮೊಣಕೈ ತಗುಲಿ, ಗೋಲಿನ ಕಂಬಕ್ಕೆ ತಲೆ ಬಡಿದು ಬಿದ್ದಳು. ಖಾಲಿ ಡಬ್ಬ ಬಿದ್ದಂಥ ಸದ್ದು. ಬೆಂಚಿನವರೆಗೂ ಕೇಳಿಸಿತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಓಡಿ ಬಂದು ಮಂಡಿಯೂರಿ ಕೂತರು, ಪ್ರಶ್ನೆ ಪುಸ್ತಕ ತೆಗೆದರು. ಚಿಕ್ಕವಳು ಬಾಟಲಿಯೊಂದಿಗೆ ಅವರ ಹಿಂದೆ ನಿಂತಳು. ಕ್ಯಾಪ್ಟನ್ ಕಣ್ಣು ಡಾಕ್ಟರ ಭುಜದ ಮೇಲಿಂದ ಅವಳ ಕೈಗೆ ಬಂದು ಅಂಟಿಕೊಂಡಿತು. ಯಾವ ಮೈದಾನ? ಮೂರು ಬೆರಳು. "ಮೂರು." ಯಾವ ಅರ್ಧ? ಎರಡು. "ಎರಡು." ತಾರೀಕಿಗೆ ಒಂದು ಬೆರಳು ಎತ್ತಿ ಇಳಿಸಿ, ಮತ್ತೆ ನಾಲ್ಕು. "ಹದಿನಾಲ್ಕು." ಡಾಕ್ಟರು ಐದೂ ಕಡೆ ಗುರುತು ಹಾಕಿ, "ಗಟ್ಟಿಗಿತ್ತಿ ನೀನು," ಎಂದು ಬೆನ್ನು ತಟ್ಟಿದರು.

ತಂಡ ಗೆದ್ದಿತು. ಕೊನೆಯ ಪೆನಾಲ್ಟಿ ಹೊಡೆದದ್ದು ಕ್ಯಾಪ್ಟನ್ನೇ.

ಸಂಜೆ ಹಾಸ್ಟೆಲಿನ ಊಟದ ಹಾಲ್‌ನಲ್ಲಿ ಗದ್ದಲವೋ ಗದ್ದಲ. ಕ್ಯಾಪ್ಟನ್ ಚಹಾ ಬಗ್ಗಿಸಿದಳು. ಚಹಾ ಲೋಟದ ಪಕ್ಕದಲ್ಲಿ ಮೇಜಿನ ಮೇಲೆ ಸುರಿಯಿತು.

"ನೋಡ್ರೇ, ನಮ್ಮ ಮಹಾರಾಣಿ ಮೇಜಿಗೆ ಸ್ನಾನ ಮಾಡಿಸ್ತಿದ್ದಾಳೆ!" ಎಂದಳು ಪಟಪಟಿ. ಅವಳು ತಂಡದ ಡಿಫೆಂಡರ್, ಬಾಯಿಗೆ ಬೀಗವಿಲ್ಲದವಳು. ಎಲ್ಲರೂ ನಕ್ಕರು. ಕ್ಯಾಪ್ಟನ್ನೂ ನಕ್ಕಳು, ಸ್ವಲ್ಪ ತಡವಾಗಿ.

"ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದಳು.

"ನಾಳೆ ಬೆಳಿಗ್ಗೆ ಒಂಬತ್ತಕ್ಕೆ, ಮೈದಾನಕ್ಕೆ."

ಅವಳು ಒಂದು ತುತ್ತು ಬ್ರೆಡ್ ತಿಂದಳು. "ಬಸ್ಸು ಎಷ್ಟು ಗಂಟೆಗೆ?"

"ಈಗಷ್ಟೇ ಹೇಳಿದ್ನಲ್ಲೇ, ಒಂಬತ್ತಕ್ಕೆ!"

ಮೂರನೇ ಸಲ ಕೇಳಿದಾಗ ಪಟಪಟಿ ಕೂಡ ನಗಲಿಲ್ಲ. ಆಮೇಲೆ ಕ್ಯಾಪ್ಟನ್ ಎದ್ದು ಬಚ್ಚಲಿಗೆ ಹೋದಳು. ನಲ್ಲಿ ಜೋರಾಗಿ ಬಿಟ್ಟಿದ್ದರೂ ವಾಂತಿಯ ಸದ್ದು ಹೊರಗೆ ಬರುತ್ತಿತ್ತು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಯಾರೋ, "ಮೊಟ್ಟೆ ಹಳಸಿತ್ತೇನೋ," ಎಂದರು. ಆ ಮೊಟ್ಟೆಯನ್ನು ಎಲ್ಲರೂ ತಿಂದಿದ್ದರು.

ಚಿಕ್ಕವಳು ಹೊರಗೆ ಬಂದು ಮನೆಗೆ ಫೋನ್ ಮಾಡಿದಳು. ಆ ಕಡೆ ಯಂತ್ರದ ಸದ್ದು ನಿಂತಿತು.

"ಅಮ್ಮಾ, ಅಕ್ಕನಿಗೆ ಪೆಟ್ಟು ಬಿತ್ತಲ್ಲ, ಅವತ್ತು ಸಂಜೆ ಹೇಗಿದ್ದಳು?"

"ಚೆನ್ನಾಗೇ ಇದ್ದಳು. ಚಹಾಕ್ಕೆ ಉಪ್ಪು ಹಾಕಿದಳು. ನಾವೆಲ್ಲ ನಕ್ಕೆವು. ಗೆದ್ದ ಖುಷಿಗೆ ತಲೆ ತಿರುಗಿದೆ ಅಂದರು ನಿಮ್ಮಪ್ಪ. ನಾನೂ ನಕ್ಕೆ. ಎರಡು ದಿನ ಬಿಟ್ಟು ಮತ್ತೆ ಪ್ರಾಕ್ಟೀಸಿಗೆ ಕಳಿಸಿದ್ದೂ ನಾನೇ. ಅಲ್ಲಿ ಚೆಂಡು ತಲೆಗೆ ಬಿತ್ತಂತೆ, ಜೋರಾಗೇನೂ ಅಲ್ಲ. ಅದೇ ಕೊನೆ. ಯಾಕೆ ಕೇಳ್ತಿದ್ದೀಯಾ? ಯಾರಿಗಾದರೂ ಪೆಟ್ಟಾಯಿತಾ?"

"ಇಲ್ಲಮ್ಮ," ಎಂದಳು ಚಿಕ್ಕವಳು. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಭಯವಾಯಿತು.

ಕೋಚ್ ಕಾರಿಡಾರಿನಲ್ಲಿ ಜೆರ್ಸಿಗಳನ್ನು ಎಣಿಸುತ್ತಿದ್ದರು. ವಯಸ್ಸಾದ ಮನುಷ್ಯ. ಮೂವತ್ತು ವರ್ಷದಿಂದ ತಂಡವನ್ನು ಸ್ವಂತ ಮಕ್ಕಳ ಹಾಗೆ ನೋಡಿಕೊಂಡವರು.

"ಸರ್, ಕ್ಯಾಪ್ಟನ್‌ಗೆ ಸರಿಯಿಲ್ಲ. ಒಂದೇ ಮಾತನ್ನ ಮೂರು ಸಲ ಕೇಳಿದಳು. ವಾಂತಿ ಮಾಡ್ಕೊಂಡಳು."

"ಫೈನಲ್ ಅಂದರೆ ನನಗೂ ಹೊಟ್ಟೆ ತೊಳಸುತ್ತಿತ್ತಮ್ಮ."

"ಡಾಕ್ಟರಿಗೆ ಒಂದು ಮಾತು ಹೇಳೋಣ ಸರ್."

ಅವರು ಟೋಪಿ ತೆಗೆದು ತಲೆ ಬಗ್ಗಿಸಿದರು. ನರೆತ ಕೂದಲ ನಡುವೆ ಉದ್ದನೆಯ ಗಾಯದ ಗುರುತಿತ್ತು. "ಹನ್ನೆರಡು ಹೊಲಿಗೆ. ಟವಲ್ ಸುತ್ತಿಕೊಂಡು ಆಡಿದೆ. ಸತ್ತೆನಾ? ನಿನ್ನೆದುರಿಗೇ ನಿಂತಿದ್ದೀನಿ. ಹೆಣ್ಣುಮಕ್ಕಳ ಫುಟ್‌ಬಾಲ್ ಅಂದರೆ ಜನ ನಗುತ್ತಿದ್ದರು, ನಗೋರ ಬಾಯಿ ಮುಚ್ಚಿಸೋಕೆ ನನಗೆ ಇಷ್ಟು ವರ್ಷ ಬೇಕಾಯಿತು. ನಾಳೆ ಒಂದು ದಿನ. ನಾಡಿದ್ದು ಬೇಕಾದರೆ ನಾನೇ ಕರೆದುಕೊಂಡು ಹೋಗಿ ತೋರಿಸ್ತೀನಿ. ನಿಮ್ಮಕ್ಕ ಇದ್ದಿದ್ದರೆ ಹೀಗೆ ಗೋಳಾಡುತ್ತಿದ್ದಳಾ?"

'ಇದ್ದಿದ್ದರೆ' ಎಂದರಲ್ಲ, ಸತ್ತವರ ಬಗ್ಗೆ ಹೇಳುವ ಹಾಗೆ. ಅವರಿಗೆ ಅದು ಗಮನಕ್ಕೂ ಬಂದಿರಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಫೈನಲ್. ಮೈದಾನ ಒಂದನೆಯದು, ದೊಡ್ಡದು. ಬಟ್ಟೆ ಬದಲಿಸುವ ಕೋಣೆಯ ಗೋಡೆಗೂ ಜನರ ಕೂಗು ಗುಂಯ್ಯೆಂದು ತಾಕುತ್ತಿತ್ತು. ಟೂರ್ನಿಯಲ್ಲಿ ತಲೆಗೆ ಪೆಟ್ಟು ತಿಂದವರನ್ನು ಫೈನಲ್‌ಗೆ ಮುಂಚೆ ಇನ್ನೊಮ್ಮೆ ನೋಡಬೇಕೆಂಬ ನಿಯಮವಿತ್ತು. ಪಟ್ಟಿಯಲ್ಲಿ ಇಬ್ಬರು: ಕ್ಯಾಪ್ಟನ್, ಮತ್ತು ಮೊದಲ ಸುತ್ತಿನಲ್ಲಿ ಚೆಂಡಿಗೆ ಹಣೆ ಕೊಟ್ಟು ಮುಗ್ಗರಿಸಿದ್ದ ಪಟಪಟಿ. ಅವಳಿಗೂ ಅವತ್ತು ಬೆರಳು ಹಿಡಿದದ್ದು ಚಿಕ್ಕವಳೇ.

"ಬಾಟ್ಲಿ, ನಿನ್ನ ಜಾಗದಲ್ಲಿ ನಿಂತ್ಕೋ," ಎಂದು ಕ್ಯಾಪ್ಟನ್ ಕಿವಿಯಲ್ಲಿ ಹೇಳಿದಳು. ಉಸಿರು ಹುಳಿ ನಾರುತ್ತಿತ್ತು. ಹಾಗೆ ಹೇಳಿ ಭುಜವನ್ನೊಮ್ಮೆ ಒತ್ತಿದಳು. ಹೋದ ವರ್ಷ ಚಿಕ್ಕವಳು ಅಳುತ್ತ ತಂಡ ಬಿಡುತ್ತೇನೆಂದಾಗ ಇದೇ ಕೈ ಹೀಗೇ ಒತ್ತಿ ನಿಲ್ಲಿಸಿತ್ತು.

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಕ್ಯಾಪ್ಟನ್ ಎದುರು ಕೂತಳು. ಚಿಕ್ಕವಳು ಹಿಂದೆ ನಿಂತಳು. ಕೋಚ್ ಶೂ ಲೇಸಿಗೆ ಬಗ್ಗಿದರು.

"ಎಷ್ಟನೇ ನಂಬರಿನ ಮೈದಾನ?"

ಕ್ಯಾಪ್ಟನ್ ಕಣ್ಣು ಚಿಕ್ಕವಳ ಸೊಂಟದ ಹತ್ತಿರ ಬಂದು ನಿಂತಿತು. ಅಲ್ಲಿ ಬಾಟಲಿಯನ್ನು ಅಪ್ಪಿ ಹಿಡಿದ ಎರಡು ಮುಷ್ಟಿಗಳಿದ್ದವು. ಒಂದು ಬೆರಳು ಎತ್ತಿದರೆ ಮುಗಿಯುತ್ತಿತ್ತು. ಒಂದೇ. ಎತ್ತದಿದ್ದರೆ ಮೂರು ವರ್ಷದ ಗೆಳೆತನ, ಹನ್ನೊಂದು ಜನರ ಬೆವರು, ಕೋಚ್‌ರ ಇಡೀ ಆಯುಷ್ಯ ನೀರುಪಾಲು. ತಾನು ತಿಳಿದಿರುವುದೇ ತಪ್ಪಾಗಿದ್ದರೆ? ಅವಳಿಗೆ ನಿಜವಾಗಿಯೂ ಹೊಟ್ಟೆ ಕೆಟ್ಟಿದ್ದರೆ?

"ಮೈದಾನ ಎಷ್ಟನೇದಮ್ಮ?" ಎಂದರು ಡಾಕ್ಟರು ಮತ್ತೊಮ್ಮೆ.

"ಡಾಕ್ಟ್ರೇ," ಎಂದಳು ಚಿಕ್ಕವಳು. ದನಿ ಕೀರಲಾಗಿತ್ತು. "ಅವಳನ್ನ ಗೋಡೆ ಕಡೆ ತಿರುಗಿಸಿ ಕೂರಿಸಿ, ಆಮೇಲೆ ಕೇಳಿ."

ಕೋಚ್ ನೆಟ್ಟಗಾದರು. "ಏಯ್! ಏನು ಮಾತು ಅದು?"

"ನಾವು ಹಿಂದೆ ನಿಂತು ಬೆರಳು ತೋರಿಸ್ತೀವಿ ಡಾಕ್ಟ್ರೇ. ನಿನ್ನೆ ತೋರಿಸಿದ್ದೂ ನಾನೇ. ಐದೂ ಉತ್ತರ ನಂದೇ, ಅವಳದ್ದಲ್ಲ."

"ಚಾಡಿಕೋರಿ!" ಯಾರೋ ಉಗಿದ ಹಾಗೆ ಹೇಳಿದರು. "ತಾನು ಆಡೋಕಾಗದ ಹೊಟ್ಟೆಕಿಚ್ಚು!"

"ತಂಡದ ಮಾನ ಬೀದಿಗೆ ತಂದೆಯಲ್ಲೇ," ಎಂದರು ಕೋಚ್. "ನಿಮ್ಮಕ್ಕನ ಹೆಸರು ಹಲಗೆ ಮೇಲಿದೆ. ಅದಕ್ಕಾದರೂ ಬೆಲೆ ಕೊಡಬಾರದಾ?"

"ನಮ್ಮಕ್ಕನಿಗೆ ಆ ಹಲಗೆ ಓದೋಕಾಗಲ್ಲ ಸರ್. ಎರಡು ಸಾಲು ಓದಿದರೆ ಕಣ್ಣು ಕತ್ತಲೆ ಬರುತ್ತೆ. ಆ ಮ್ಯಾಚ್ ಆಡಿದ್ದೇ ಅವಳಿಗೆ ನೆನಪಿಲ್ಲ. ನಾಲ್ಕು ವರ್ಷದಲ್ಲಿ ನೀವು ಒಂದು ಸಲನಾದರೂ ನಮ್ಮ ಮನೆಗೆ ಬಂದಿದ್ದರೆ ಗೊತ್ತಾಗ್ತಿತ್ತು." ಅವಳು ಅಳುತ್ತಿದ್ದಳು, ಆದರೂ ನಿಲ್ಲಿಸಲಿಲ್ಲ. "ನಿಮ್ಮ ಪೆಟ್ಟು ಹೊರಗಿತ್ತು, ಹೊಲಿಗೆ ಹಾಕಿದರು. ಇವಳದ್ದು ಒಳಗಿದೆ. ಇನ್ನೊಂದು ಸಲ ಚೆಂಡು ಬಿದ್ದರೆ ಯಾರು ಹೊಲೀತಾರೆ ಸರ್?"

ಕೋಚ್‌ರ ಕೈ ಟೋಪಿಯ ಮೇಲೆ ಹೋಯಿತು.

ಡಾಕ್ಟರು ಪುಸ್ತಕದಲ್ಲಿ ಹಿಂದಿನ ಹಾಳೆ ತೆಗೆದು, ತಾವೇ ಹಾಕಿದ್ದ ಐದು ಗುರುತುಗಳನ್ನು ದಿಟ್ಟಿಸಿ ನೋಡಿದರು. ಅವರ ಮುಖ ಬಿಳುಚಿಕೊಂಡಿತು. ಎದ್ದು ಕ್ಯಾಪ್ಟನ್ ಕುರ್ಚಿಯನ್ನು ತಾವೇ ಗೋಡೆ ಕಡೆ ತಿರುಗಿಸಿದರು.

"ಮೈದಾನ ಎಷ್ಟನೇದು?"

ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಕ್ಯಾಪ್ಟನ್ ಅದನ್ನೇ ನೋಡಿದಳು. "ಮೂರು."

"ಹಿಂದಿನ ಪಂದ್ಯದಲ್ಲಿ ನೀವು ಹೊಡೆದ ಗೋಲು ಎಷ್ಟು? ಸೆಮಿಫೈನಲ್‌ನಲ್ಲಿ?"

"ಸೆಮಿಫೈನಲ್ಲಾ?" ಕ್ಯಾಪ್ಟನ್ ತಮಾಷೆ ಕೇಳಿದವಳಂತೆ ಸಣ್ಣಗೆ ನಕ್ಕಳು. "ಅದನ್ನ ಇವತ್ತು ಆಡಬೇಕಲ್ಲ ಡಾಕ್ಟ್ರೇ?"

ಹಿಂದೆ ಡಾಕ್ಟರು ಪುಸ್ತಕ ಮುಚ್ಚಿದ ಸದ್ದಾಯಿತು. ಆಗ ಅವಳಿಗೆ ಏನೋ ತಪ್ಪಿತೆಂದು ತಿಳಿದಿರಬೇಕು. ಹೆಗಲು ಕುಗ್ಗಿತು. ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು, ನೆಲ ಸರಿದುಹೋಗುತ್ತಿದೆಯೋ ಎಂಬಂತೆ. ಡಾಕ್ಟರು ಬಾಗಿಲಿಗೆ ಹೋಗಿ ಆಂಬುಲೆನ್ಸಿನವರನ್ನು ಕರೆದರು.

ಅವಳನ್ನು ಕರೆದೊಯ್ಯುವಾಗ ಚಿಕ್ಕವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕ್ಯಾಪ್ಟನ್ ಅವಳ ಮುಖ ನೋಡದೆ, "ನಿನ್ನ ನಾನು ಯಾವತ್ತೂ ಕ್ಷಮಿಸಲ್ಲ," ಎಂದಳು. ಬಾಗಿಲ ಹತ್ತಿರ ಹೋದವಳು ನಿಂತು, ಹಿಡಿದುಕೊಂಡಿದ್ದವರನ್ನು ಕೇಳಿದಳು: "ಬಸ್ಸು ಎಷ್ಟು ಗಂಟೆಗೆ?"

ಬೆಂಚಿನ ಮೇಲೆ ಕೂತಿದ್ದವರು ಚಿಕ್ಕವಳಿಂದ ಒಂದೊಂದು ಗೇಣು ದೂರ ಸರಿದರು. ಹೊರಗೆ ರೆಫರಿಯ ಸೀಟಿ ಕೇಳಿಸಿತು. ತಂಡಗಳು ಸಾಲಾಗಿ ನಿಲ್ಲಲು ಹತ್ತು ನಿಮಿಷವಿತ್ತು. ಡಾಕ್ಟರು ವಾಪಸ್ ಬಂದು ಪಟ್ಟಿ ನೋಡಿ, ಎರಡನೇ ಹೆಸರು ಕರೆದರು.

ಪಟಪಟಿ ಎದ್ದಳು. ಇವಳು ಏನಾದರೂ ಅಂದೇ ಅನ್ನುತ್ತಾಳೆಂದು ಚಿಕ್ಕವಳು ತಲೆ ತಗ್ಗಿಸಿದಳು. ಪಟಪಟಿ ಕುರ್ಚಿಯ ಬೆನ್ನು ಹಿಡಿದು ನಿಂತಳು. ಆಮೇಲೆ ಅದನ್ನು ಕಿರ್ರೆಂದು ನೆಲದ ಮೇಲೆ ಎಳೆದು, ತಾನೇ ಗೋಡೆ ಕಡೆ ತಿರುಗಿಸಿಕೊಂಡು ಕೂತಳು.

"ಕೇಳಿ ಡಾಕ್ಟ್ರೇ," ಎಂದಳು, ಯಾರೂ ಅವಳಿಂದ ಕೇಳಿರದಂಥ ಸಣ್ಣ ದನಿಯಲ್ಲಿ. "ನಿಧಾನಕ್ಕೆ ಕೇಳಿ. ನಂಗೆ ಎಷ್ಟು ಗೊತ್ತಿದೆ ಅಂತ ನಂಗೂ ಗೊತ್ತಾಗಬೇಕು."