ಮಂಗಳವಾರದ ಗಂಟೆ

ಸಲೋಮಮ್ಮ ಜಗಳಕ್ಕೆ ನಿಂತರೆ ಗೆಲ್ಲದೆ ಕೂರುವವರಲ್ಲ ಅನ್ನುವುದು ಕನಕಪುರದ ಆ ಪುಟ್ಟ ಮೆಥೊಡಿಸ್ಟ್ ಸಭೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಂಗನವಾಡಿಯಲ್ಲಿ ಮಕ್ಕಳನ್ನು ಗದರಿಸಿ ಗದರಿಸಿ ಪಳಗಿದ ಗಂಟಲು. ನಿವೃತ್ತಿಯಾದ ಮೇಲೆ ಆ ಗಂಟಲಿಗೆ ಸಿಕ್ಕವರು ಸಭೆಯ ಹಿರಿಯರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಚರ್ಚಿನ ಹಿಂದಿನ ಹೆಂಚಿನ ಕೋಣೆಯಲ್ಲಿ ಒಬ್ಬರೇ ಇದ್ದುಕೊಂಡು, ಬೆಂಚು ಒರೆಸಿ, ಹೂದಾನಿಗೆ ಹೂವಿಟ್ಟು, ಚಪ್ಪಲಿ ಹಾಕಿಕೊಂಡು ಒಳಗೆ ಬಂದವರಿಗೆ ಬೈದು, ಕಾಯಿಲೆ ಬಿದ್ದವರಿಗೆ ಮೆಣಸಿನ ಸಾರು ಹೊತ್ತುಕೊಂಡು ಹೋಗಿ ದಿನ ಕಳೆಯುತ್ತಿದ್ದರು. ಆ ಚರ್ಚೇ ಅವರ ಮನೆ, ಅದೇ ಅವರ ಬಂಧು ಬಳಗ.

ಅಂಥ ಚರ್ಚು ಈಗ ಖಾಲಿಯಾಗುತ್ತಿತ್ತು. ಜನ ಇರಲಿಲ್ಲ ಅಂತಲ್ಲ. ಹಾರೋಹಳ್ಳಿ ಕಡೆ ಕಾರ್ಖಾನೆಗಳು ಎದ್ದಮೇಲೆ ಬೀದರ್ ಸೀಮೆಯಿಂದ ಎಷ್ಟೋ ಹುಡುಗರು, ಹುಡುಗಿಯರು ಕೆಲಸಕ್ಕೆ ಬಂದಿದ್ದರು. ಹೆಚ್ಚಿನವರು ಅಲ್ಲಿನ ಮೆಥೊಡಿಸ್ಟ್ ಮನೆಗಳ ಮಕ್ಕಳು. ಚರ್ಚಿನ ಪಕ್ಕದ ಮನೆಯ ಹನುಮಂತಯ್ಯನವರು ಹಿಪ್ಪುನೇರಳೆ ತೋಟ ಕಿತ್ತು ಸಾಲಾಗಿ ಕಟ್ಟಿಸಿದ ಬಾಡಿಗೆ ರೂಮುಗಳ ತುಂಬಾ ಅವರೇ. ಆದರೆ ಕರೆಂಟಿನ ಕೊರತೆ ಅಂತ ಒಂದೊಂದು ಕಡೆಯ ಕಾರ್ಖಾನೆಗೆ ಒಂದೊಂದು ದಿನ ವಾರದ ರಜೆ ಕೊಟ್ಟಿದ್ದರು, ಇವರ ಪಾಲಿಗೆ ಬಂದದ್ದು ಮಂಗಳವಾರ. ಭಾನುವಾರ ಚರ್ಚಿನ ಬಾಗಿಲು ತೆರೆಯುವ ಹೊತ್ತಿಗೆ ಅವರೆಲ್ಲ ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತಾ ಹೋಗಿಬಿಟ್ಟಿರುತ್ತಿದ್ದರು. ಆರಾಧನೆಗೆ ಉಳಿಯುತ್ತಿದ್ದವರು ಮಂಡಿನೋವಿನ ಹಿರಿಯರು ಮಾತ್ರ. ಹೀಗೇ ನಡೆದರೆ ಮುಂದಿನ ವರ್ಷದಿಂದ ಅಲ್ಲಿಗೇ ಅಂತ ಒಬ್ಬ ಪಾದ್ರಿಯನ್ನು, ಸಭಾಪಾಲಕರನ್ನು, ಕೊಡುವುದಿಲ್ಲ, ತಿಂಗಳಿಗೊಂದು ಆರಾಧನೆ ಸಾಕು ಅಂತ ಚರ್ಚಿನ ಮೇಲಿನವರು ಹೇಳಿ ಕಳಿಸಿದರು. ಆ ಮಾತು ಕೇಳಿದ ದಿನ ಸಲೋಮಮ್ಮ ಒಲೆ ಹಚ್ಚಲಿಲ್ಲ.

ಮುಂದಿನ ಕಮಿಟಿಯಲ್ಲಿ ಎದ್ದು ನಿಂತು, "ಮಂಗಳವಾರ ಸಾಯಂಕಾಲ ಆರಾಧನೆ ಮಾಡಾಣ" ಅಂದರು.

ಕರುಣಾಕರ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ನಿವೃತ್ತ ಹೆಡ್ ಮಾಸ್ಟರು, ಸಭೆಯ ಉಸ್ತುವಾರಿ ನೋಡಿಕೊಳ್ಳುವ ಹಿರಿಯ ಸ್ಟೀವರ್ಡ್. ಗಂಟೆಯ ಹಗ್ಗ ಅವರದೇ ಸ್ವತ್ತು. ಭಾನುವಾರದ ಗಂಟೆಯನ್ನು ಅವರೇ ಹೊಡೆಯಬೇಕು, ಬೇರೆಯವರು ಮುಟ್ಟಿದರೆ ಮುಖ ಊದಿಸುತ್ತಿದ್ದರು. "ಇವತ್ತು ಮಂಗಳವಾರ ಅಂತೀಯಾ. ನಾಳೆ ಕ್ರಿಸ್ಮಸ್ಸನ್ನೂ ಕಂಪನಿ ರಜೆ ನೋಡ್ಕಂಡೇ ಮಾಡಾಣೇನಮ್ಮಾ? ಭಾನುವಾರ ಕರ್ತನ ದಿನ."

"ಮಿಕ್ಕಿದ್ ದಿನ ಕರ್ತ ಊರಲ್ಲಿರಕ್ಕಿಲ್ವಾ ಮೇಷ್ಟ್ರೇ?"

ಹೊಸದಾಗಿ ಬಂದಿದ್ದ ಸಭಾಪಾಲಕರು ಚಿಕ್ಕ ವಯಸ್ಸಿನವರು, ಬೆಂಗಳೂರಿನವರು. ಇಬ್ಬರ ನಡುವೆ ಸಿಕ್ಕಿ ಬೆವರಿದರು. ಕೊನೆಗೆ ಒಂದು ದಾರಿ ಹುಡುಕಿದರು. ಒಂದೇ ಒಂದು ಮಂಗಳವಾರ ಮಾಡಿ ನೋಡುವುದು. ಜನ ಬಂದರೆ ಮುಂದುವರಿಸುವುದು, ಇಲ್ಲದಿದ್ದರೆ ಮತ್ತೆ ಆ ಮಾತು ಎತ್ತಕೂಡದು.

"ಮಾಡ್ಕಳಿ. ನಾನಂತೂ ಗಂಟೆ ಹೊಡಿಯಕ್ಕಿಲ್ಲ" ಅಂದು ಮೇಷ್ಟ್ರು ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಎದುರಾದರೂ ಇಬ್ಬರೂ ಮಾತಾಡಲಿಲ್ಲ.

ಸಲೋಮಮ್ಮ ಸೆರಗು ಸಿಕ್ಕಿಸಿ ರೂಮು ರೂಮಿಗೆ ಅಲೆದರು. ಒಬ್ಬ ಬಟ್ಟೆ ಒಗೆಯುತ್ತಿದ್ದ, ಇನ್ನೊಬ್ಬ ಹಾಡುಹಗಲೇ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದರು. ಎಲ್ಲರೂ "ಬರ್ತೀವ್ರೀ ಆಂಟಿ" ಅಂದರು. ಆಕಳಿಸುತ್ತಾ ಹೇಳಿದ ಮಾತಿಗೆ ಎಷ್ಟು ಬೆಲೆ ಅಂತ ಸಲೋಮಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಸುವಾರ್ತಾ ಅನ್ನುವ ಹುಡುಗಿ ಮಾತ್ರ ಕೈ ಹಿಡಿದು ಒಳಗೆ ಕೂರಿಸಿದಳು. ಮಳೆಗಾಲದಲ್ಲಿ ಅವಳು ಜ್ವರದಿಂದ ಮಲಗಿದ್ದಾಗ ಸಲೋಮಮ್ಮ ಪಕ್ಕದಲ್ಲೇ ಕೂತು ಗಂಜಿ ಕುಡಿಸಿದ್ದರು. "ನಾ ಎಲ್ಲಾರ್ನೂ ಕರ್ಕೊಂಡ್ ಬರ್ತೀನ್ರಿ" ಅಂದಳು.

ಮಂಗಳವಾರ ಬಂತು. ಸಲೋಮಮ್ಮ ಚರ್ಚು ತೊಳೆದು, ಕನಕಾಂಬರ ಕಟ್ಟಿ, ಒಂದು ದೊಡ್ಡ ಪಾತ್ರೆ ತುಂಬಾ ಚುರುಮುರಿಗೆ ಈರುಳ್ಳಿ ಹೆಚ್ಚಿಟ್ಟರು. ಸಂಜೆ ಆರು ಹೊಡೆಯಿತು. ಒಳಗೆ ಸಭಾಪಾಲಕರು, ಖಾಲಿ ಬೆಂಚುಗಳು, ಒಂದು ಬೆಕ್ಕು. ಇನ್ನೂ ಸ್ವಲ್ಪ ಹೊತ್ತು ಕಾದರು. ಸಭಾಪಾಲಕರು ಕೈಗಡಿಯಾರ ನೋಡಿದ್ದೇ ಸಲೋಮಮ್ಮ ಎದ್ದು ನಿಂತರು.

"ಗಂಟೆ ಹೊಡಿದೆ ಯಾರಿಗೆ ಗೊತ್ತಾಯ್ತದೆ ಅಯ್ಯನವ್ರೇ? ಇರಿ, ನಾನೇ ಹೊಡಿತೀನಿ."

ಗಂಟೆಯ ಹಗ್ಗ ಇದ್ದದ್ದು ಬಾಗಿಲ ಪಕ್ಕದ ಕಿರುಕೋಣೆಯಲ್ಲಿ. ಒಳಗೆ ನಿಂತು ಹೊಡೆದರೆ ಯಾರು ಹೊಡೆಯುತ್ತಿದ್ದಾರೆ ಅಂತ ಹೊರಗಿನವರಿಗೆ ಕಾಣದು. ಮೇಷ್ಟ್ರು ಹೊಡೆದರೆ ಸದ್ದು ಒಂದರ ಮೇಲೊಂದು ಬಿದ್ದು ಬೀದಿಯೆಲ್ಲ ಗದ್ದಲವಾಗುತ್ತಿತ್ತು. ಸಲೋಮಮ್ಮನ ಬಲಭುಜ ಹಿಡಿದುಕೊಂಡು ಬಹಳ ಕಾಲವಾಗಿತ್ತು, ಕೈ ತಲೆಯಿಂದ ಮೇಲೆ ಏಳುತ್ತಿರಲಿಲ್ಲ. ಹಲ್ಲು ಕಚ್ಚಿ ಎಳೆದರು. ಢಣ್. ಭುಜ ನೀವಿಕೊಂಡು, ಉಸಿರು ತೆಗೆದುಕೊಂಡು, ಇನ್ನೊಮ್ಮೆ ಎಳೆದರು. ಢಣ್. ಮತ್ತೆ ಉಸಿರು, ಮತ್ತೆ ಢಣ್. ನೋವು ಒಂದು ಕಡೆ, ಮೇಷ್ಟ್ರ ಮೇಲಿನ ಸಿಟ್ಟು ಇನ್ನೊಂದು ಕಡೆ. ಇದರ ಮಧ್ಯೆ ಆ ಗಂಟೆ ಹೇಗೆ ಕೇಳುತ್ತಿದೆ ಅಂತ ಯೋಚಿಸಲು ಅವರಿಗೆ ಪುರುಸೊತ್ತಿರಲಿಲ್ಲ.

ಹಾಗೆ ಬಿಟ್ಟು ಬಿಟ್ಟು ಗಂಟೆ ಹೊಡೆಯುವುದು ಸಭೆಯಲ್ಲಿ ಯಾರಾದರೂ ಸತ್ತಾಗ. ಅದು ಆ ಬೀದಿಯ ಹಿಂದೂಗಳಿಗೂ ಗೊತ್ತು, ಸಾಬರಿಗೂ ಗೊತ್ತು, ಬೀದರಿನ ಹಳ್ಳಿಗಳಲ್ಲಿ ಬೆಳೆದ ಮಕ್ಕಳಿಗಂತೂ ಚೆನ್ನಾಗಿಯೇ ಗೊತ್ತು. ಗೊತ್ತಿಲ್ಲದವರು ಬೆಂಗಳೂರಿನ ಸಭಾಪಾಲಕರೊಬ್ಬರೇ.

ಕೈ ಸೋತು ಸಲೋಮಮ್ಮ ಭುಜ ತಿಕ್ಕುತ್ತಾ ಹೊರಗೆ ಬಂದರು. ಬಂದು ನೋಡಿದರೆ ಗೇಟಿನ ತುಂಬಾ ಬೀದಿಯ ಜನ! ಮುಂದೆ ಹನುಮಂತಯ್ಯನವರ ಹೆಂಡತಿ ಕೆಂಚಮ್ಮ, ಬರಿಗಾಲಲ್ಲಿ, ಸೆರಗಿನಿಂದ ಕಣ್ಣೊರೆಸಿಕೊಂಡು ಬರುತ್ತಿದ್ದರು. ಸಲೋಮಮ್ಮನನ್ನು ಕಂಡದ್ದೇ ಕಿಟಾರನೆ ಕಿರುಚಿ ಗಂಡನ ಅಂಗಿ ಹಿಡಿದುಕೊಂಡರು.

"ಅಯ್ಯಯ್ಯಪ್ಪಾ! ನಿಂತವ್ಳಲ್ರೀ!"

"ನಿಲ್ದೆ ಇನ್ನೇನ್ ಮಾಡ್ಲಿ ಕೆಂಚಮ್ಮ?"

"ನೀನ್ ಹೋಗ್ಬುಟ್ಟೆ ಅಂದ್ಕಂಡು ಎದೆ ಒಡ್ಕಂಡ್ ಬಂದ್ನಲ್ಲಕ್ಕಾ! ಒಬ್ಳೇ ಇರ್ತೀಯ, ನಿನ್ನೆ ಬ್ಯಾರೆ ಭುಜ ನೋವು ಅಂತಿದ್ದೆ. ಗಂಟೆ ಹಂಗೆ ಹೊಡೀತಲ್ಲ!"

ಸಲೋಮಮ್ಮನಿಗೆ ಆಗ ಅರ್ಥವಾಯಿತು. ಬಾಯಿ ತೆರೆಯುವಷ್ಟರಲ್ಲಿ ರೂಮುಗಳ ಕಡೆಯಿಂದ ಧಡಧಡ ಸದ್ದು. ಆ ಮಕ್ಕಳು ಓಡಿ ಬರುತ್ತಿದ್ದರು. ಒಬ್ಬನ ತಲೆಯಲ್ಲಿ ಇನ್ನೂ ಸೋಪಿನ ನೊರೆ, ಇನ್ನೊಬ್ಬ ಲುಂಗಿ ಬನಿಯನ್ನಿನಲ್ಲಿ, ಹುಡುಗಿಯರು ಜಡೆ ಬಿಚ್ಚಿಕೊಂಡೇ. ಎಲ್ಲರಿಗಿಂತ ಮುಂದೆ ಸುವಾರ್ತಾ, ಅಳುತ್ತಾ. ಬಂದವಳೇ ಸಲೋಮಮ್ಮನನ್ನು ತಬ್ಬಿಕೊಂಡುಬಿಟ್ಟಳು.

"ಇವ್ರು ಒಬ್ರೂ ಏಳವಲ್ರು ಅಂತ ಎಬ್ಬಿಸ್ಕೋತ ಕುಂತಿದ್ದೆ ಆಂಟಿ. ಅಷ್ಟರಾಗ ಗಂಟಿ ಬಿತ್ತು. ನಿಮಗೇ ಏನೋ ಆತು ಅಂತ..."

ಸಲೋಮಮ್ಮ ಬೈಯಲು ಶುರುಮಾಡಿದರು. "ಆರಾಧನೆಗೆ ಕರುದ್ರೆ ಗೊರಕೆ ಹೊಡಿತೀರಿ, ಹೆಣ ನೋಡಕ್ಕೆ ಮಾತ್ರ..." ಅಂದವರು ಅಲ್ಲಿಗೇ ಬಿಟ್ಟು ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರ ಹತ್ತಿರವೂ ಹೇಳಿಕೊಳ್ಳದ ಭಯವೊಂದು ಅವರಿಗಿತ್ತು. ನಾನು ಹೋದ ದಿನ ಯಾರು ಬರುತ್ತಾರೆ? ಹೊರುವವರಾದರೂ ಸಿಗುತ್ತಾರೋ ಇಲ್ಲವೋ ಅಂತ ಎಷ್ಟೋ ಸಲ ಯೋಚಿಸಿದ್ದರು. ಈಗ ಕಣ್ಣ ಮುಂದೆ ನಿಂತಿದ್ದ ಆ ಜನವನ್ನು ನೋಡಿ ಸಲೋಮಮ್ಮ ಸಂತೋಷಕ್ಕೆ ಅತ್ತರು. ಮುಚ್ಚುಮರೆಯಿಲ್ಲದೆ, ಚಿಕ್ಕ ಮಗುವಿನ ಹಾಗೆ ಅತ್ತರು.

ಕೊನೆಗೆ ಬಂದವರು ಕರುಣಾಕರ ಮೇಷ್ಟ್ರು. ಅಂಗಿಯ ಗುಂಡಿ ಮೇಲೆ ಕೆಳಗೆ, ಕಂಕುಳಲ್ಲಿ ಶವಸಂಸ್ಕಾರದ ಪುಸ್ತಕ. ಸಲೋಮಮ್ಮನನ್ನು ನೋಡಿ ಮೆಟ್ಟಿಲ ಮೇಲೆ ಕುಸಿದು ಕೂತರು.

"ಬದುಕಿದ್ದೀಯಾ?"

"ಬದುಕಿವ್ನಿ ಮೇಷ್ಟ್ರೇ."

"ದಾರಿಯುದ್ದಕ್ಕೂ ಒಂದೇ ಸಂಕಟ ಕಣಮ್ಮ. ಕೊನೇ ಮಾತು ಜಗಳದ್ದೇ ಆಗೋಯ್ತಲ್ಲಾ ಅಂತ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೆಡ್ ಮಾಸ್ಟರಿಕೆ ವಾಪಸ್ಸು ಬಂತು. "ಅಲ್ಲಾ, ಹಂಗಾ ಗಂಟೆ ಹೊಡಿಯದು?"

ಎಲ್ಲರೂ ನಕ್ಕರು. ನಕ್ಕಾದ ಮೇಲೆ ಮಕ್ಕಳಿಗೆ ತಮ್ಮ ಅವತಾರ ನೆನಪಾಯಿತು. ಲುಂಗಿಯವನು ನಾಚಿಕೊಂಡು, "ಬಟ್ಟಿ ಬದಲಿಸಿ ಬರ್ತೀವ್ರೀ ಆಂಟಿ" ಅಂದು ಗೇಟಿನ ಕಡೆ ತಿರುಗಿದ. ಅವನ ಹಿಂದೆ ಇನ್ನಿಬ್ಬರು. ಸಲೋಮಮ್ಮ ಅವರ ಹಿಂದೆಯೇ ಎರಡು ಹೆಜ್ಜೆ ಇಟ್ಟರು. ಈಗ ಹೋದರೆ ಹೋದರು, ಮಂಗಳವಾರವೂ ಹೋಯಿತು, ಸಭೆಯೂ ಹೋಯಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು.

ಕರೆದದ್ದು ಮೇಷ್ಟ್ರು. "ಏ ತಮ್ಮಾ, ನಿಂತ್ಕಳಿ! ಸಾವಿಗೆ ಹೆಂಗಂದ್ರೆ ಹಂಗೇ ಓಡ್ ಬಂದ್ರಲ್ಲಾ, ದೇವ್ರ ಮುಂದೆ ಹಂಗೇ ಕೂರಕ್ಕೇನು? ನಡೀರಿ ಒಳಕ್ಕೆ. ನನ್ ಗುಂಡೀನೂ ನೆಟ್ಟಗಿಲ್ಲ." ಶವಸಂಸ್ಕಾರದ ಪುಸ್ತಕವನ್ನು ಕಂಕುಳಲ್ಲೇ ಅವುಚಿಕೊಂಡು, ಎರಡು ಕೈಯಲ್ಲೂ ಮಕ್ಕಳನ್ನು ಕುರಿ ಅಟ್ಟಿದ ಹಾಗೆ ಒಳಗೆ ಅಟ್ಟಿದರು. ನೊರೆ ತಲೆಯವನೂ ಹೋದ, ಲುಂಗಿಯವನೂ ಹೋದ. ಬೆಂಚು ತುಂಬಿತು. ಸಭಾಪಾಲಕರು ಸಲೋಮಮ್ಮನ ಹತ್ತಿರ ಬಂದು, "ಮುಂದಿನ ಮಂಗಳವಾರವೂ ಇಟ್ಟುಕೊಳ್ಳೋಣಮ್ಮ, ಮೇಲಿನವರಿಗೆ ನಾನು ಹೇಳ್ತೀನಿ" ಅಂದರು.

ಬೀದಿಯವರು ಹೋಗುವುದೋ ಇರುವುದೋ ತಿಳಿಯದೆ ನಿಂತಿದ್ದರು. ಹನುಮಂತಯ್ಯ ಮಾತ್ರ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ವಿಚಿತ್ರವಾಗಿ ಪಕ್ಕಕ್ಕೆ ಸರಿಯುತ್ತಿದ್ದರು. ಬೆನ್ನ ಹಿಂದಿನಿಂದ ಸುಗಂಧರಾಜದ ವಾಸನೆ ಬಂತು.

"ಏನಣ್ಣ ಅದು?"

"ಏನಿಲ್ಲ ಬುಡಕ್ಕ. ಮೂಲೆ ಅಂಗಡೀಲಿ ಹಾರ ಇತ್ತು, ಅವಸರದಲ್ಲಿ ತಂದ್ಬುಟ್ಟೆ. ಹೊಳೆಗೆ ಬಿಡ್ತೀನಿ."

"ಯಾಕ್ ಬಿಡ್ತೀಯ? ನಂಗೇ ತಂದಿದ್ದಲ್ವಾ? ಕೊಡು ಇಲ್ಲಿ."

"ಬ್ಯಾಡ ಕಣಕ್ಕ, ಒಳ್ಳೇದಲ್ಲ!" ಅಂದು ಕೆಂಚಮ್ಮ ಅಡ್ಡ ಬಂದರು.

"ನಾನ್ ಹೋದ್ ಮೇಲೆ ಹಾಕುದ್ರೆ ನಂಗೆ ಗೊತ್ತಾಯ್ತದಾ ಕೆಂಚಮ್ಮ? ಈಗ್ಲೇ ಹಾಕ್ರವ್ವ. ಕಣ್ತುಂಬ ನೋಡ್ಕತೀನಿ."

ಹನುಮಂತಯ್ಯ ಹೆಂಡತಿಯ ಮುಖ ನೋಡಿದರು. ಕೆಂಚಮ್ಮ ಗಂಡನ ಕೈಯಿಂದ ಹಾರ ಕಿತ್ತುಕೊಂಡು, ಮೂಗು ಒರೆಸಿಕೊಳ್ಳುತ್ತಾ, ತಾವೇ ಸಲೋಮಮ್ಮನ ಕೊರಳಿಗೆ ಹಾಕಿದರು. ಸಲೋಮಮ್ಮ ಅವರಿಬ್ಬರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಸುವಾರ್ತಾಳ ಪಕ್ಕದಲ್ಲಿ ಜಾಗ ಮಾಡಿಸಿ ಕೂರಿಸಿದರು. ತಾವು ಆ ಹಾರ ಹಾಕಿಕೊಂಡೇ ನಿಂತು, ಶ್ರುತಿ ಎಲ್ಲೋ, ತಾವು ಎಲ್ಲೋ, ಎಲ್ಲರಿಗಿಂತ ಜೋರಾಗಿ ಮೊದಲ ಗೀತೆ ಹಾಡಿದರು.